ದೇವರು ಇಲ್ಲೇ ಇದ್ದಾರೆ ಅನ್ನುವುದನ್ನು ಮಕ್ಕಳು ಗುರುತಿಸುವ ಹಾಗೆ ಕಲಿಸುವುದು ಹೇಗೆ?

ಶಿರಸಿ_ಮಳೆಗಾಲ

ಮನೆಯಲ್ಲಿ ಆರು ವರ್ಷದ ಮಗ, ಹತ್ತು ವರ್ಷದ ಮಗಳು. ಭಾನುವಾರ ಇಗರ್ಜಿಯ (ಚರ್ಚಿನ) ಪೂಜೆ, ದೋತರ್ನ್ ಕ್ಲಾಸು (ಮಕ್ಕಳ ಧರ್ಮಪಾಠ) ಎರಡೂ ತಪ್ಪುವುದಿಲ್ಲ. ರಾತ್ರಿ ಊಟಕ್ಕೆ ಮುಂಚೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಇದೆ. ಪ್ರಾರ್ಥನೆಗಳೆಲ್ಲ ಬಾಯಿಪಾಠ. ಆದರೆ ಚಿಕ್ಕವನದು ದಿನಾ ಒಂದೇ ಪ್ರಶ್ನೆ: "ದೇವರು ಇಲ್ಲೇ ಇದ್ದರೆ ಯಾಕೆ ಕಾಣಲ್ಲ, ಯಾಕೆ ಮಾತಾಡಲ್ಲ?" ದೊಡ್ಡವಳು ಕೇಳುವುದನ್ನೂ ಬಿಟ್ಟಿದ್ದಾಳೆ, ಮಣಿ ಸರಿಸುತ್ತಾ ಆಕಳಿಸುತ್ತಾಳೆ. ಐದನೇ ರಹಸ್ಯಕ್ಕೆ (ಒಂದು ರಹಸ್ಯ ಅಂದರೆ ಯೇಸು, ಮರಿಯಮ್ಮನ ಬದುಕಿನ ಒಂದು ಘಟನೆ ನೆನೆಯುತ್ತಾ ಹತ್ತು ಮಣಿ) ಬರುವಷ್ಟರಲ್ಲಿ ನಮ್ಮ ಗದರಿಕೆ ಶುರು. "ಎಲ್ಲ ಕಡೆ ಇದ್ದಾರೆ ಮಗಾ" ಅನ್ನುವ ಉತ್ತರ ಇನ್ನು ನಡೆಯುವುದಿಲ್ಲ. ವಿಡಿಯೊ, ಆ್ಯಪ್ ಬೇಡ. ಮನೆಯಲ್ಲಿ ದಿನಾ ಏನು ಮಾಡಬಹುದು, ಎಷ್ಟು ಹೊತ್ತು, ಹೇಗೆ ಅಂತ ಗೊತ್ತಿರುವವರು ಹೇಳಿ.

ದೋತರ್ನ್_ಟೀಚರ್, ಹೊನ್ನಾವರ

ಆರು ವರ್ಷದವನಿಗೆ ವಿವರಣೆ ಕೊಡಲು ಹೋಗಬೇಡಿ ಅಕ್ಕಾ. "ಸರ್ವವ್ಯಾಪಿ" ಅನ್ನುವುದು ಆ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ. ಕಣ್ಣಿಗೆ ಕಾಣುವ ಜಾಗ, ಕೈಯಲ್ಲಿ ಮಾಡುವ ಕೆಲಸ, ದಿನಾ ಅದೇ ಹೊತ್ತು, ಇಷ್ಟರಿಂದಲೇ ಹತ್ತಬೇಕು.

ಮೊದಲು ಇಗರ್ಜಿಯಲ್ಲಿ. ಪೂಜೆಗೆ ಹತ್ತು ನಿಮಿಷ ಮುಂಚೆ ಹೋಗಿ. ಬಾಗಿಲ ಬಳಿಯ ತೀರ್ಥ ಎಟುಕದಿದ್ದರೆ ಮಗುವನ್ನು ಎತ್ತಿ ಹಿಡಿಯಿರಿ, ಶಿಲುಬೆ ಗುರುತು ಅವನೇ ಹಾಕಿಕೊಳ್ಳಲಿ. ಪರಮಪ್ರಸಾದದ (ಪೂಜೆಯಲ್ಲಿ ಯೇಸುವಿನ ಶರೀರವಾಗಿ ಕೊಡುವ ರೊಟ್ಟಿಯ) ಪೆಟ್ಟಿಗೆಯ ಹತ್ತಿರ ಸದಾ ಉರಿಯುವ ದೀಪ ತೋರಿಸಿ. ಯೇಸು ಪರಮಪ್ರಸಾದದಲ್ಲಿ ಅಲ್ಲಿದ್ದಾರೆ ಅನ್ನುವುದಕ್ಕೇ ಆ ದೀಪ, ಅದಕ್ಕೇ ಆ ಕಡೆ ತಿರುಗಿ ಬಲ ಮೊಣಕಾಲು ನೆಲಕ್ಕೆ ಊರುವುದು. ಇಷ್ಟು ಹೇಳಿದರೆ ಸಾಕು. ಕೂರುವುದು ಮುಂದಿನ ಎರಡನೇ ಮೂರನೇ ಬೆಂಚಿನಲ್ಲಿ. ಗಲಾಟೆ ಮಾಡುತ್ತವೆ ಅಂತ ಮಕ್ಕಳನ್ನು ಹಿಂದೆ ಕೂರಿಸುತ್ತೇವೆ. ಹಿಂದೆ ಕೂತವರಿಗೆ ದೊಡ್ಡವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಗಲಾಟೆ ಆಗುವುದೇ ಅದಕ್ಕೆ.

ಪವಿತ್ರ ಶುಕ್ರವಾರ (ಗುಡ್ ಫ್ರೈಡೇ) ತಪ್ಪದೆ ಕರೆದುಕೊಂಡು ಹೋಗಿ. ಹಿಂದಿನ ರಾತ್ರಿಯೇ ಪರಮಪ್ರಸಾದವನ್ನು ಬೇರೆ ಕಡೆ ಇಟ್ಟಿರುತ್ತಾರೆ. ಪೆಟ್ಟಿಗೆಯ ಬಾಗಿಲು ತೆರೆದು ಖಾಲಿ, ದೀಪ ಇಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇಲ್ಲ. "ಇವತ್ತು ಇಲ್ಲಿ ಏನೇನು ಇಲ್ಲ?" ಅಂತ ಮೆಲ್ಲಗೆ ಕೇಳಿ. ಹುಡುಕಲು ಬಿಡಿ. ಇಲ್ಲದಿರುವುದನ್ನು ಕಂಡ ಮಗು ಈಸ್ಟರ್ ದಿನ ತಾನಾಗಿ ದೀಪ ಹುಡುಕುತ್ತದೆ.

ಇನ್ನು ಮನೆಯಲ್ಲಿ, ಮಲಗುವ ಮುಂಚೆ ನಾಲ್ಕು ನಿಮಿಷ. ಸಂತ ಇಗ್ನೇಷಿಯಸರು ಹೇಳಿಕೊಟ್ಟ ಐದು ಹಂತದ ಆತ್ಮಪರೀಕ್ಷೆಯನ್ನೇ ಮಕ್ಕಳ ಅಳತೆಗೆ ಇಳಿಸಿದ್ದು. ಟ್ಯೂಬ್‌ಲೈಟ್ ಆರಿಸಿ ಒಂದು ಮೇಣದ ಬತ್ತಿ ಹಚ್ಚಿ (ಶಿರಸಿಯ ಮಳೆಗಾಲದಲ್ಲಿ ಕರೆಂಟು ಈ ಉಪಕಾರ ತಾನೇ ಮಾಡುತ್ತದೆ). ಶಿಲುಬೆ ಗುರುತು. ಮಾತಿಲ್ಲದೆ ಕೂರುವುದು, ಚಿಕ್ಕವನಿಗೆ ಅರ್ಧ ನಿಮಿಷ ಸಾಕು. ಆಮೇಲೆ ಕೇಳಿ: ಇವತ್ತು ಖುಷಿಯಾದದ್ದು ಯಾವಾಗ? ಕಷ್ಟ ಆದದ್ದು ಯಾವಾಗ? ನಿನಗೆ ಯಾರು ಒಳ್ಳೆಯದು ಮಾಡಿದರು, ನೀನು ಯಾರಿಗೆ ನೋವು ಮಾಡಿದೆ? ಒಂದು "ಥ್ಯಾಂಕ್ಸ್ ಯೇಸು", ಒಂದು "ಕ್ಷಮಿಸು", ನಾಳೆಗಾಗಿ ಒಂದು ಬೇಡಿಕೆ. ಕೇಳಿದ ಮೇಲೆ ನೀವು ಬಾಯಿ ಮುಚ್ಚಿಕೊಂಡು ಹತ್ತರವರೆಗೆ ಎಣಿಸಿ. ಹೆಚ್ಚಿನವರು ಎರಡು ಎಣಿಸುವಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ಮಗು "ಐಸ್‌ಕ್ರೀಮ್ ತಿಂದಾಗ" ಅಂದರೆ ಅದೇ ಸರಿ, ತಿದ್ದಬೇಡಿ. ಅಪ್ಪ ಅಮ್ಮನೂ ತಮ್ಮ ದಿನದ್ದು ಒಂದೊಂದು ಹೇಳಬೇಕು, ಇಲ್ಲವಾದರೆ ಅದು ಪೊಲೀಸ್ ವಿಚಾರಣೆ ಆಗುತ್ತದೆ.

ಪೊಲೀಸ್ ಅಂದ ಮೇಲೆ ಇನ್ನೊಂದು. "ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾರೆ" ಅನ್ನುವುದನ್ನು ಇವತ್ತೇ ನಿಲ್ಲಿಸಿ, ಅಜ್ಜ ಅಜ್ಜಿಗೂ ಹೇಳಿ. ಹಾಗೆ ಬೆಳೆದ ಮಗು ದೇವರು ಹತ್ತಿರ ಇದ್ದಾರೆ ಅಂದರೆ ಬಚ್ಚಿಟ್ಟುಕೊಳ್ಳಲು ಜಾಗ ನೋಡುತ್ತದೆ.

ಕೋಡಿಬಾಗದ_ಅಜ್ಜ, ಕಾರವಾರ

ಟೀಚರ್ ಬಾಯಿ ಹೇಳಿದ್ದು ಸರಿ. ಆದರೆ ಮುಂದಿನವರು ಬಂದು "ತೆರ್ಸ್ ಬಿಟ್ಟುಬಿಡಿ" ಅನ್ನುವ ಮೊದಲೇ ಹೇಳುತ್ತೇನೆ, ಬಿಡಬೇಡಿ. ಐದು ರಹಸ್ಯ, ಎಲ್ಲ ಸೇರಿ 53 ನಮೋ ಮರಿಯಾ ಪ್ರಾರ್ಥನೆ, ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಆರು ವರ್ಷದವನಿಗೆ ಅದು ಆಗದ ಮಾತು, ನಿಜ. ಅವನಿಗೆ ಒಂದೇ ರಹಸ್ಯ, ಹತ್ತು ಮಣಿ, ನಾಲ್ಕು ನಿಮಿಷ. ಮೊದಲನೆಯದನ್ನು ಅವನೇ ನಡೆಸಲಿ. ಮುಗಿದ ಮೇಲೆ ಅದೇ ಕೋಣೆಯಲ್ಲಿ ಚಿತ್ರ ಬರೆಯಲಿ, ಗೊಂಬೆ ಇಟ್ಟುಕೊಳ್ಳಲಿ. ದೊಡ್ಡವರು ಪೂರ್ತಿ ಮುಗಿಸಿ. ಅವನು ಬಾಯಿಬಿಟ್ಟು ಹೇಳದೆ ಇದ್ದರೂ ಕಿವಿ ಇಲ್ಲೇ ಇರುತ್ತದೆ.

ತೆರ್ಸ್ ಬೇಜಾರಾಗುವುದು ಉದ್ದಕ್ಕಲ್ಲ, ಓಟಕ್ಕೆ. ರಹಸ್ಯದ ಹೆಸರು ಹೇಳಿದ ಕೂಡಲೇ ರೈಲು ಬಿಟ್ಟರೆ ಯಾರಿಗೆ ಏನು ಕಾಣುತ್ತದೆ? ಹೆಸರು ಹೇಳಿ ಅರ್ಧ ನಿಮಿಷ ನಿಲ್ಲಿಸಿ, ಒಂದು ಚಿತ್ರ ತೋರಿಸಿ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಅದರಲ್ಲಿ ಐದನೆಯದು ನಿಮ್ಮ ಮಗನ ಪ್ರಶ್ನೆಗೇ ಇಟ್ಟ ಹಾಗಿದೆ: ಹನ್ನೆರಡು ವರ್ಷದ ಯೇಸು ಜೊತೆಯಲ್ಲೇ ಬರುತ್ತಿದ್ದಾನೆ ಅಂದುಕೊಂಡು ಮರಿಯಮ್ಮ, ಜೋಸೆಫರು ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಮೂರನೇ ದಿನ ದೇವಾಲಯದಲ್ಲಿ ಸಿಕ್ಕಿದ. ಅವರಿಗೇ ಹುಡುಕುವ ಕೆಲಸ ತಪ್ಪಲಿಲ್ಲ ಅಂತ ಮಗುವಿಗೆ ಗೊತ್ತಾಗಲಿ.

ತೆರ್ಸ್ ಆದ ಮೇಲೆ ಬೆಸಾಂವ್ (ಆಶೀರ್ವಾದ) ಕೇಳುವುದನ್ನು ಬಹಳ ಮನೆಗಳಲ್ಲಿ ಬಿಟ್ಟುಬಿಟ್ಟಿದ್ದಾರೆ. ಮಕ್ಕಳು ಮನೆಯ ಹಿರಿಯರಿಂದ ಹಿಡಿದು ಒಬ್ಬೊಬ್ಬರ ಹತ್ತಿರವೂ ಕೈ ಜೋಡಿಸಿ "ಬೆಸಾಂವ್ ದಿ" ಅನ್ನಬೇಕು. ಹಿರಿಯರು ಟಿವಿ ನೋಡುತ್ತಾ ಕೈ ಆಡಿಸಿದರೆ ಅದು ಬೆಸಾಂವ್ ಅಲ್ಲ. ಮಗುವಿನ ಮುಖ ನೋಡಿ, ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕಿ "ದೇವ್ ಬರೆಂ ಕರುಂ" (ದೇವರು ಒಳ್ಳೆಯದು ಮಾಡಲಿ) ಅನ್ನಬೇಕು. ದೀಕ್ಷಾಸ್ನಾನದ ದಿನ ಗುರುಗಳು, ತಂದೆ ತಾಯಿ ಹಾಕಿದ್ದೂ ಅದೇ ಹಣೆಗೆ, ಅದೇ ಗುರುತು. ಬೈದ ದಿನ, ಹೊಡೆದ ದಿನ ಇದನ್ನು ಖಂಡಿತ ತಪ್ಪಿಸಬಾರದು.

ಕುಮಟಾ_ಓದುಗ

ನಮ್ಮ ಸಭೆಯಲ್ಲಿ ಜಪಮಾಲೆ ಇಲ್ಲ, ಹಾಗಾಗಿ ಬೈಬಲ್ ಓದುವುದರ ಬಗ್ಗೆ ಮಾತ್ರ ಹೇಳುತ್ತೇನೆ.

"ಯಾಕೆ ಮಾತಾಡಲ್ಲ" ಅನ್ನುವ ಮಗುವಿಗೆ ಮಾರ್ಕ 4:35ರಿಂದ 41. ಏಳೇ ವಚನ, ನಿಧಾನಕ್ಕೆ ಓದಿದರೂ ಎರಡು ನಿಮಿಷ ಬೇಡ. ಕರಾವಳಿಯ ಮಕ್ಕಳಿಗೆ ದೋಣಿ ಅಂದರೇನು, ಗಾಳಿ ಎದ್ದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿ ಯಾಕೆ ನಿಂತಿರುತ್ತವೆ ಅನ್ನುವುದು ಅವಕ್ಕೆ ಗೊತ್ತು. ಘಟ್ಟದ ಮೇಲಿನ ಮಕ್ಕಳನ್ನು ಒಮ್ಮೆ ತದಡಿ ಬಂದರಿಗೋ ಬೈತಖೋಲ್ ಬಂದರಿಗೋ ಕರೆದುಕೊಂಡು ಹೋಗಿ ತೋರಿಸಿ.

ಒಂದು ಸಲ ಸುಮ್ಮನೆ ಓದಿ. ಎರಡನೇ ಸಲ ಮಕ್ಕಳು ಕಣ್ಣು ಮುಚ್ಚಿಕೊಂಡು ದೋಣಿಯೊಳಗೆ ಕೂರಲಿ: ನೀರು ಒಳಗೆ ನುಗ್ಗುತ್ತಿದೆ, ಎಲ್ಲರೂ ಕೂಗುತ್ತಿದ್ದಾರೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದಾರೆ. ಆಮೇಲೆ ಒಂದೇ ಪ್ರಶ್ನೆ: "ನಿದ್ದೆ ಮಾಡ್ತಿದ್ದಾಗ ಯೇಸು ದೋಣಿಯಲ್ಲಿ ಇದ್ದರೋ ಇಲ್ಲವೋ?" ಇದಕ್ಕೆ ಆರು ವರ್ಷದವನೂ ಉತ್ತರ ಕೊಡುತ್ತಾನೆ. ಅವನ ಎರಡು ಪ್ರಶ್ನೆಯಲ್ಲಿ ಒಂದು ಅಲ್ಲಿಗೆ ಸಡಿಲವಾಗುತ್ತದೆ, ಮಾತಾಡದೆ ಇರುವುದೂ ಇಲ್ಲದೆ ಇರುವುದೂ ಒಂದೇ ಅಲ್ಲ ಅಂತ. "ನಾವು ಸಾಯ್ತಿದ್ದೇವೆ, ನಿಮಗೆ ಚಿಂತೆ ಇಲ್ಲವೋ" ಅಂತ ಶಿಷ್ಯರು ರೇಗಿದ್ದನ್ನೂ ಬಿಡದೆ ಓದಿ. ದೇವರ ಮೇಲೆ ರೇಗುವುದೂ ಪ್ರಾರ್ಥನೆಯೇ ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ತಪ್ಪುವುದು ಎಲ್ಲಿ ಅಂದರೆ, ಓದಿದ ಕೂಡಲೇ "ದೋಣಿಯಲ್ಲಿ ಎಷ್ಟು ಜನ ಇದ್ದರು, ಯಾವ ಸಮುದ್ರ" ಅಂತ ಕ್ವಿಜ್ ಮಾಡುವುದು. ಅದು ಭಾನುವಾರದ ಪರೀಕ್ಷೆಗೆ ಸರಿ, ಮನೆಗೆ ಬೇಡ.

ಮುಂದಿನ ವಾರಗಳಿಗೆ ಇನ್ನು ಮೂರು. ಆದಿಕಾಂಡ 28ರಲ್ಲಿ ಯಾಕೋಬ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿ, ಎದ್ದ ಮೇಲೆ, ಕರ್ತರು ಇಲ್ಲೇ ಇದ್ದರು, ನನಗೆ ತಿಳಿಯಲಿಲ್ಲ ಅನ್ನುತ್ತಾನೆ. ಒಂದನೇ ಸಮುವೇಲ 3ರಲ್ಲಿ ಹುಡುಗ ಸಮುವೇಲ ದೇವರ ಕರೆಯನ್ನು ಮೂರು ಸಲವೂ ಮುದುಕ ಯಾಜಕ ಏಲಿಯ ಕೂಗು ಅಂದುಕೊಂಡು ಓಡುತ್ತಾನೆ. ದೇವರು ಏನು ಹೇಳುತ್ತಾರೆ ಅಂತ ಏಲಿ ಹೇಳಿಕೊಡುವುದಿಲ್ಲ, ಹೋಗಿ ಮಲಗು, ಕರೆದರೆ "ನಿಮ್ಮ ದಾಸ ಕೇಳುತ್ತಿದ್ದಾನೆ" ಅನ್ನು ಅಂತಷ್ಟೇ ಹೇಳಿ ಕಳಿಸುತ್ತಾನೆ. ತಂದೆ ತಾಯಿ ಕೆಲಸವೂ ಅಷ್ಟೇ. ಲೂಕ 24ರಲ್ಲಿ ಎಮ್ಮಾವಿನ ದಾರಿಯ ಇಬ್ಬರು ಶಿಷ್ಯರಿಗೆ, ಜೊತೆಗೆ ನಡೆದವರು ಸತ್ತು ಎದ್ದುಬಂದ ಯೇಸು ಅಂತ ರೊಟ್ಟಿ ಮುರಿದಾಗಲೇ ಗುರುತು ಸಿಕ್ಕಿದ್ದು, ದಾರಿಯಲ್ಲಿ ಹೃದಯ ಉರಿದದ್ದು ಹಿಂತಿರುಗಿ ನೋಡಿದಾಗ ನೆನಪಾದದ್ದು. ಗುರುತು ಬಹಳ ಸಲ ಆಮೇಲೆಯೇ ಸಿಗುತ್ತದೆ. ಟೀಚರ್ ಹೇಳಿದ ರಾತ್ರಿಯ ನಾಲ್ಕು ನಿಮಿಷ ಅದಕ್ಕೇ ಬೇಕು.

ಶಿರಸಿ_ಮಳೆಗಾಲ

ಎಲ್ಲರಿಗೂ ದೇವ್ ಬರೆಂ ಕರುಂ. ಚಿಕ್ಕವನದು ದಾರಿ ಕಾಣಿಸಿತು. ದೊಡ್ಡವಳು "ಕೇಳಿದ್ದು ಕೊಡಲಿಲ್ಲ, ಮತ್ತೆ ಯಾಕೆ ಕೇಳಬೇಕು" ಅನ್ನುತ್ತಾಳೆ. ಇನ್ನೊಂದು, ಮಾರಿಕಾಂಬಾ ಜಾತ್ರೆಯ ವರ್ಷ ಗೆಳತಿಯರ ಜೊತೆ ನಮ್ಮ ದೇವರು ನಿಮ್ಮ ದೇವರು ಅಂತ ಮಾತು ಬರುತ್ತದೆ. ಏನು ಹೇಳಿಕೊಡಲಿ?

ಹಳಿಯಾಳ_ಕಾಡಂಚು

ಹತ್ತು ವರ್ಷಕ್ಕೆ "ದೇವರಿಗೆ ಗೊತ್ತಿರುತ್ತೆ ಬಿಡು" ಅಂದರೆ ಬಾಗಿಲು ಮುಚ್ಚಿದ ಹಾಗೆ. ಸೆರೆ ಸಿಗುವ ಮುಂಚೆ ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟದ ಭಾಗ ಜೊತೆಗೆ ಕೂತು ಓದಿ. ಈ ಪಾತ್ರೆ (ಬರಲಿರುವ ಸಂಕಟ) ತೆಗೆದುಬಿಡಿ ಅಂತ ಯೇಸುವೇ ಕೇಳಿದರು, ತೆಗೆಯಲಿಲ್ಲ. ಶಿಲುಬೆಯ ಮೇಲೆ ಅವರು ಕೂಗಿ ಹೇಳಿದ್ದು 22ನೇ ಕೀರ್ತನೆಯ ಮೊದಲ ಸಾಲು, ನನ್ನನ್ನೇಕೆ ಕೈಬಿಟ್ಟೆ ಅಂತ. ಆ ಕೀರ್ತನೆಯ ಮಾದರಿಯಲ್ಲಿ ತನ್ನದೊಂದು ಅವಳೇ ಬರೆಯಲಿ: ಎರಡು ಸಾಲು ದೂರು, ಒಂದು ಸಾಲು ಬೇಡಿಕೆ, ಹಿಂದೆ ಆದ ಒಂದು ಒಳ್ಳೆಯದರ ನೆನಪು. ಓದಿ ತೋರಿಸು ಅಂತ ಒತ್ತಾಯ ಮಾಡಬೇಡಿ. ಬೇಡಿಕೆಯ ಪುಸ್ತಕ ಇಟ್ಟು "ಸಿಕ್ಕಿತು, ಸಿಕ್ಕಲಿಲ್ಲ" ಅಂತ ಟಿಕ್ ಹಾಕಿಸುವವರಿದ್ದಾರೆ. ಅದು ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಆಗುತ್ತದೆ, ಬೇಡ. ಮಾರ್ಕ್ಸಿಗೆ ಹರಕೆ ಹೊರಿಸುವುದೂ ಅದೇ ಜಾತಿ.

ಈ ವಯಸ್ಸಿಗೆ ಕೂತು ಕೇಳುವುದಕ್ಕಿಂತ ಕೆಲಸ ಬೇಕು. ಮತ್ತಾಯ 25:40 (ಸಣ್ಣವರಲ್ಲಿ ಸಣ್ಣವನಿಗೆ ಮಾಡಿದ್ದು ನನಗೇ ಮಾಡಿದ್ದು ಅನ್ನುವ ಮಾತು) ಓದಿಸಿ, ವಾರಕ್ಕೊಂದು ಕೆಲಸ ಅವಳ ಹೆಸರಿಗೆ ಬಿಡಿ: ಕಾಯಿಲೆಯಲ್ಲಿರುವ ಅಜ್ಜಿಯ ಮನೆಗೆ ಗಂಜಿ, ಉಪ್ಪಿನಕಾಯಿ ಒಯ್ದು, ಹತ್ತು ನಿಮಿಷ ಕೂತು ಮಾತಾಡಿ ಬರುವುದು. ಪಾತ್ರೆ ಕೊಟ್ಟು ಓಡಿ ಬಂದರೆ ಲೆಕ್ಕಕ್ಕಿಲ್ಲ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಫೋಟೊ ತೆಗೆದರಂತೂ ಎಲ್ಲ ಕೆಟ್ಟಿತು. ರಾತ್ರಿ ಬತ್ತಿಯ ಮುಂದೆ "ಅಜ್ಜಿ ಏನಂದರು?" ಅಂತ ಮಾತ್ರ ಕೇಳಿ.

ಜಾತ್ರೆಯ ಮಾತಿಗೆ: ಗೆಳತಿಯ ಪೂಜೆಯನ್ನು ಹಳಿಯುವುದನ್ನು ಕ್ರೈಸ್ತಳ ಧೈರ್ಯ ಅಂತ ಮನೆಯಲ್ಲಿ ಯಾರೂ ಹೇಳಿಕೊಡಬಾರದು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಅಂತ 1965ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದೆ. ಅವಳ ಬಾಯಲ್ಲಿ ಇಷ್ಟು ಇರಲಿ: "ನಾವು ಯೇಸುವಿನಲ್ಲಿ ದೇವರನ್ನು ಕಾಣ್ತೇವೆ. ನಿಮ್ಮ ಮನೆಯಲ್ಲಿ ಹೇಗೆ ಪ್ರಾರ್ಥನೆ ಮಾಡ್ತೀರಿ?" ಜಗಳಕ್ಕೆ ಬಂದ ಗೆಳತಿಯೂ ಇಂಥ ಪ್ರಶ್ನೆಗೆ ಕೂತು ಉತ್ತರ ಹೇಳುತ್ತಾಳೆ.

ದೋತರ್ನ್_ಟೀಚರ್, ಹೊನ್ನಾವರ

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಎರಡು ವಾರಕ್ಕೆ ಸುಸ್ತಾಗಿ ಬಿಡುತ್ತೀರಿ ಅಕ್ಕಾ. ಮೊದಲ ವಾರ ಬೆಸಾಂವ್ ಒಂದೇ. ಎರಡನೇ ವಾರ ತೆರ್ಸಿನಲ್ಲಿ ಚಿಕ್ಕವನ ಒಂದು ರಹಸ್ಯ. ರಾತ್ರಿಯ ನಾಲ್ಕು ನಿಮಿಷ ಮೂರನೇ ವಾರಕ್ಕೆ, ಅದೂ ವಾರಕ್ಕೆ ನಾಲ್ಕು ದಿನ ಆದರೆ ಸಾಕು. ನಿದ್ದೆಗಣ್ಣಲ್ಲಿದ್ದರೆ ಬಿಟ್ಟುಬಿಡಿ.

ನಿಮ್ಮಲ್ಲಿ ಮೊಂತಿ ಹಬ್ಬ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಮಾಡುವುದಾದರೆ ಆಗಸ್ಟ್ 30ರಿಂದ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಶುರು. ಒಂಬತ್ತು ದಿನವೂ ಹೂವನ್ನು ಮಕ್ಕಳೇ ಕೊಯ್ಯಲಿ, ಮಾರ್ಕೆಟ್ಟಿನ ಹೂವು ಬೇಡ. ಸೆಪ್ಟೆಂಬರ್ 8ಕ್ಕೆ ಆಶೀರ್ವದಿಸಿದ ತೆನೆಯನ್ನು ಚಿಕ್ಕವನ ಕೈಗೆ ಕೊಡಿ. ಮನೆಗೆ ತಂದು, ಭತ್ತ ಸುಲಿದು, ಅಕ್ಕಿ ಪುಡಿ ಮಾಡಿ ಪಾಯಸಕ್ಕೆ ಹಾಕುವವರೆಗೂ ಅವನೇ ಜೊತೆಗಿರಲಿ. ಊಟಕ್ಕೆ ಬರಲಾಗದೆ ದೂರ ಇರುವವರಿಗೆ ಕಾಳು ಕಟ್ಟಿ ಕಳಿಸುವ ಕೆಲಸ ದೊಡ್ಡವಳಿಗೆ.