ಪದ ಬೇಕು: ಕರ್ತನಿಲ್ಲದ ಲೋಕಕ್ಕೆ ‘ಸೃಷ್ಟಿ’ ಹೊಂದುತ್ತದೆಯೇ?

> ಕಾದಂಬರಿಗಾಗಿ ಒಂದು ಕಲ್ಪಿತ ಲೋಕದ ಮೂಲಪುರಾಣ ಬರೆಯುತ್ತಿದ್ದೇನೆ. ಅಲ್ಲಿ ದೇವರಿಲ್ಲ. ಮೊದಲು ಇದ್ದದ್ದು ಕಲಕಿದ ಕಪ್ಪು ನೀರು. ಅದು ತಾನಾಗಿ ನಿಂತಾಗ ಅಡಿಯಲ್ಲಿ ನೆಲ ಉಂಟಾಯಿತು. ‘ಆದಿಯಲ್ಲಿ ಅವ್ಯವಸ್ಥೆಯಿಂದ ಬ್ರಹ್ಮಾಂಡ ಸೃಷ್ಟಿಯಾಯಿತು’ ಎಂದು ಆರಂಭಿಸಿದ್ದೇನೆ, ಏಕೋ ಸರಿಬರುತ್ತಿಲ್ಲ. ನಾಳೆ ಬೆಳಿಗ್ಗೆ ಮೊದಲ ಅಧ್ಯಾಯ ಸಂಪಾದಕರಿಗೆ ಹೋಗಬೇಕು.

ಸರಿಬರದಿರುವುದಕ್ಕೆ ಕಾರಣ ಆ ವಾಕ್ಯದಲ್ಲೇ ಇದೆ. ‘ಬ್ರಹ್ಮಾಂಡ’ ಎಂದ ಕೂಡಲೇ ಬ್ರಹ್ಮನೂ ಬಂದ, ಅವನ ಮೊಟ್ಟೆಯೂ ಬಂತು. ದೇವರಿಲ್ಲದ ಲೋಕ ಮೊದಲ ಸಾಲಿನಲ್ಲೇ ಕೆಟ್ಟಿತು. ‘ಸೃಷ್ಟಿ’ಯ ಧಾತು ಸೃಜ್: ಹೊರಬಿಡು, ಹರಿಯಬಿಡು. ವಿಸರ್ಜನೆ, ವಿಸರ್ಗ, ಕಾವ್ಯದ ಸರ್ಗ ಎಲ್ಲವೂ ಆ ಬೇರಿನವೇ. ಬಿಡುವುದಕ್ಕೆ ಬಿಡುವವನೊಬ್ಬ ಬೇಕು. ‘ಸೃಷ್ಟಿಯಾಯಿತು’ ಎಂದು ತಿರುಗಿಸಿದರೂ ‘ಯಾರಿಂದ?’ ಎಂಬ ಪ್ರಶ್ನೆ ಹೋಗುವುದಿಲ್ಲ. ‘ಅವ್ಯವಸ್ಥೆ’ ಕಚೇರಿಯ ಕಡತಕ್ಕೆ ಇರಲಿ.

‘ಹುಟ್ಟು’ ಬೇಡ, ಹುಟ್ಟಲು ತಾಯಿ ಬೇಕು ಎಂದು ಇದೇ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಬರೆದಿದ್ದಾರೆ. ತಪ್ಪು. ಹೊಳೆ ಹುಟ್ಟುತ್ತದೆ, ಸಿಟ್ಟು ಹುಟ್ಟುತ್ತದೆ, ಸೂರ್ಯ ದಿನವೂ ಹುಟ್ಟುತ್ತಾನೆ. ತಾಯಿ ಬೇಕಾದದ್ದು ‘ಹಡೆ’ಗೆ.

ಆದರೆ ಇವೆಲ್ಲಕ್ಕಿಂತ ಒಳ್ಳೆಯ ಮಾತು ನಿಮ್ಮ ನೀರಿನಲ್ಲೇ ಇದೆ. ಒಂದು ಚೊಂಬು ಮಣ್ಣುನೀರನ್ನು ಅಲುಗಿಸದೆ ಇಟ್ಟು ನೋಡಿ. ಕಲಕಿದ್ದಾಗ ಅದು ಬಗ್ಗಡ. ಹೊತ್ತು ಕಳೆದಂತೆ ಮೇಲೆ ತಿಳಿ, ಕೆಳಗೆ ಗಸಿ. ಈ ‘ತಿಳಿ’ಯೇ ಅರಿಯುವುದಕ್ಕೂ ನಾವು ಬಳಸುವ ಕ್ರಿಯಾಪದ. ನೀರು ತಿಳಿಯಾಗುವುದೂ ಮನಸ್ಸಿಗೆ ತಿಳಿಯುವುದೂ ಒಂದೇ ಮಾತು! ಲೋಕ ಉಂಟಾದ ಗಳಿಗೆಯಲ್ಲೇ ಅರಿವೂ ಉಂಟಾಯಿತು ಎನ್ನಲು ನಿಮಗೆ ಬೇರೆ ವಾಕ್ಯವೇ ಬೇಡ. ಸಂಸ್ಕೃತದ ‘ಪ್ರಸನ್ನ’ ಕೂಡ ನೀರಿಗೂ ಮನಸ್ಸಿಗೂ ಸಲ್ಲುತ್ತದೆ ನಿಜ, ಆದರೆ ಅದರಿಂದ ಸಿಗುವುದು ನೆಮ್ಮದಿ. ಅರಿವು ಸಿಗುವುದಿಲ್ಲ.

ಇನ್ನು, ಎರವಲು ಒಂದೂ ಬೇಡ, ‘ಪುರಾಣ’ ತೆಗೆದು ‘ಹುಟ್ಟುಗತೆ’ ಎನ್ನಿ ಎಂದವರಿಗೆ: ಆ ‘ಗತೆ’ ಸಂಸ್ಕೃತದ ಕಥೆಯೇ. ನಿಮ್ಮ ಕಟ್ಟಳೆಗೆ ನಿಮ್ಮ ಪದವೇ ನಿಲ್ಲುವುದಿಲ್ಲ. ಎರವಲನ್ನು ನಾನು ದೋಷವೆಂದು ಎಣಿಸುವವನಲ್ಲ. ಬಂದ ಪದ ತನ್ನ ಬೆನ್ನಿಗೆ ಯಾರನ್ನು ಕಟ್ಟಿಕೊಂಡು ಬಂದಿದೆ ಎಂದು ಮಾತ್ರ ನೋಡುತ್ತೇನೆ. ‘ಬ್ರಹ್ಮಾಂಡ’ದ ಬೆನ್ನಿಗೆ ದೇವರಿದ್ದಾನೆ. ‘ಪುರಾಣ’ದ ಮೂಲದಲ್ಲಿ ‘ಹಿಂದಿನದು’ ಎಂಬುದಷ್ಟೇ ಇದೆ. ಬರೆಯುವವರಿಗೆ ಹೊಸದಾದರೂ ಆ ಲೋಕದ ಮಂದಿಗೆ ಅದು ಹಳೆಯ ಕತೆ ತಾನೇ? ಇರಲಿ. ‘ಲೋಕ’ವೂ ಇರಲಿ.

ನಾನಾದರೆ ಹೀಗೆ ಆರಂಭಿಸುತ್ತೇನೆ:

‘ಮೊದಲು ಬಗ್ಗಡವಿತ್ತು. ಬಗ್ಗಡ ನಿಂತಿತು. ನಿಂತದ್ದು ತಿಳಿಯಿತು. ಗಸಿ ನೆಲವಾಯಿತು.’

ಮೂರನೆಯ ವಾಕ್ಯವನ್ನು ಸಂಪಾದಕರು ‘ತಿಳಿಯಾಯಿತು’ ಎಂದು ತಿದ್ದಲು ಬಂದರೆ ದಯವಿಟ್ಟು ಒಪ್ಪಬೇಡಿ. ತಿದ್ದಿದರೆ ನೀರು ಉಳಿಯುತ್ತದೆ, ಅರಿವು ಹೋಗುತ್ತದೆ.