ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದ ಗುತ್ತಿಗೆ ಕೆಲಸ: ಅನುಭವಸ್ಥರು ತಿಳಿಸಿ

ತುಂಗಾತೀರ:
ಎಂ.ಎಸ್.ಡಬ್ಲ್ಯೂ. ಮುಗಿಸಿ ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರಲ್ಲಿ ಆರು ವರ್ಷಗಳಿಂದ ದುಡಿಯುತ್ತಿದ್ದೇನೆ. ಈಗ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲಿ ಹನ್ನೊಂದು ತಿಂಗಳ ಗುತ್ತಿಗೆ ಸಿಗುವಂತಿದೆ. ಸಂಬಳ ನಾಲ್ಕು ಸಾವಿರ ಕಡಿಮೆ. ತೀರ್ಥಹಳ್ಳಿಯ ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ. ಒಪ್ಪಿಕೊಳ್ಳಬಹುದೇ?

ಮಾಜಿ ವಾರ್ಡನ್:
ಆ ಹನ್ನೊಂದು ತಿಂಗಳ ಆದೇಶವನ್ನು ನಾನು ಒಂಬತ್ತು ಸಲ ಪಡೆದಿದ್ದೇನೆ. ಪ್ರತಿ ಸಲವೂ ನಡುವೆ ವಿರಾಮ ತೋರಿಸುತ್ತಿದ್ದುದರಿಂದ ಕಾಗದದಲ್ಲಿ ನನ್ನ ಸೇವೆ ಒಂಬತ್ತು ತುಂಡುಗಳಾಗಿಯೇ ಉಳಿಯಿತು. 2019ರ ಆಗಸ್ಟ್ ಮಳೆಯಲ್ಲಿ, ರಾತ್ರಿ ಒಂದೂವರೆಗೆ, ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದ ಹುಡುಗನನ್ನು ಮರ ಬಿದ್ದ ರಸ್ತೆ ಬಿಟ್ಟು ಸುತ್ತುದಾರಿಯಲ್ಲಿ ಆಸ್ಪತ್ರೆಗೆ ಸೇರಿಸಿದೆ. ಕಾರಿಗೆ 1,800, ಆಸ್ಪತ್ರೆಯ ಮುಂಗಡ 5,000, ಔಷಧಿಗೆ 1,140. ಒಟ್ಟು 7,940 ರೂಪಾಯಿ. ಮುಂಗಡದ ಮೂಲ ರಸೀದಿ ಹುಡುಗನ ತಂದೆಯ ಬಳಿ ಉಳಿದಿತ್ತು, ಕಾರಿನವನು ರಸೀದಿಯನ್ನೇ ಕೊಟ್ಟಿರಲಿಲ್ಲ. ಕಡತ ಮೂರು ಸಲ ಹಿಂದಿರುಗಿ, ಹದಿನಾಲ್ಕು ತಿಂಗಳ ನಂತರ ಔಷಧಿಯ ಹಣವಷ್ಟೇ ಮಂಜೂರಾಯಿತು. ಹುಡುಗ ಮೊನ್ನೆ ಮದುವೆಗೆ ಕರೆದಿದ್ದ. ಹೋಗಿ ಊಟ ಮಾಡಿ ಬಂದೆ.

ಶಿಬಿರಾಧಿಕಾರಿ:
ವಾರ್ಡನರದು ಒಂದು ರಾತ್ರಿಯ ಖರ್ಚು. ಎನ್.ಎಸ್.ಎಸ್. ಹೊಣೆ ಹೊತ್ತವರಿಗೆ ಏಳು ದಿನಗಳ ವಿಶೇಷ ಶಿಬಿರವೆಂದರೆ ಏನೆಂದು ಗೊತ್ತು. ಸಾಗರದ ಕಡೆಯ ಕಾಡಂಚಿನ ಊರೊಂದನ್ನು ಜನವರಿಗೆಂದು ನಿಶ್ಚಯಿಸಿ, ಶಾಲೆಯ ಕೊಠಡಿ ತೊಳೆಸಿ, ಎರಡು ಕ್ವಿಂಟಲ್ ಅಕ್ಕಿ ಇಳಿಸಿದ್ದೆವು. ನಾಲ್ಕು ದಿನ ಮೊದಲು ಆ ಊರಿನ ಬಳಿ ಮಂಗಗಳು ಸತ್ತು ಬಿದ್ದಿರುವ ಸುದ್ದಿ ಬಂದಾಗ, ಮಂಗನ ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಡೀಪಾ ತೈಲ ಹಚ್ಚಿಕೊಂಡು ಹೋದರಾಯಿತೆಂದು ಮೇಲಿನವರು ಹೇಳಿದರು. ನಾನು ಒಪ್ಪದೆ ಊರನ್ನೇ ಬದಲಿಸಿದೆ. ಶಾಮಿಯಾನದ 6,500 ಮುಂಗಡ ಮುಳುಗಿತು, ಅಕ್ಕಿ ಸಾಗಿಸಿದ ಬಾಡಿಗೆ ನನ್ನ ಕೈಯಿಂದಲೇ ಹೋಯಿತು, ಐವತ್ತು ಮಕ್ಕಳಲ್ಲಿ ನಲವತ್ತಮೂರು ಮಂದಿ ಬಂದರು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ವಿದ್ಯಾರ್ಥಿವೇತನ ಮೇಜು:
ಇಬ್ಬರೂ ವೀರಗಾಥೆ ಹೇಳುತ್ತಿದ್ದೀರಿ. ಈ ವಿಭಾಗದ ಕೆಲಸದಲ್ಲಿ ಮುಕ್ಕಾಲು ಪಾಲು ಎಸ್.ಎಸ್.ಪಿ., ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಅರ್ಜಿಗಳದ್ದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಹಣ ಬಂದರೂ ಅದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ, ಅಂದರೆ ಹುಡುಗಿ ಮರೆತೇ ಬಿಟ್ಟಿರುವ ಯಾವುದೋ ಬ್ಯಾಂಕಿಗೆ ಹೋಗಿರುತ್ತದೆ. ಹೊಸನಗರದ ಒಳಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದ ತಂದೆಗೆ ಇದನ್ನು ವಿವರಿಸಿದವಳು ನಾನು. ಅವರು ತಲೆಯಾಡಿಸಿ, ಹಣ ತಿಂದವರು ಯಾರೆಂದು ನನ್ನನ್ನೇ ಕೇಳಿದರು.

ಮಾಜಿ ವಾರ್ಡನ್:
ಶಿಬಿರಾಧಿಕಾರಿಗಳೇ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಯ ಕಾಲ ಯಾವುದೆಂಬುದು ನಮ್ಮ ಜಿಲ್ಲೆಯಲ್ಲಿ ದನ ಕಾಯುವ ಮಕ್ಕಳಿಗೂ ಗೊತ್ತು. ಜನವರಿಗೆ ಕಾಡಂಚನ್ನು ಆರಿಸಿದವರು ನೀವೇ ಅಲ್ಲವೇ? ಎನ್.ಎಸ್.ಎಸ್.ನಲ್ಲಿ ಎರಡು ವರ್ಷಗಳ 240 ಗಂಟೆಗಳ ಸೇವೆಯನ್ನು ಹಾಜರಿ ಪುಸ್ತಕದಲ್ಲಿ ಹೇಗೆ ತುಂಬಿಸುತ್ತಾರೆ ಎಂಬುದನ್ನೂ ಹಾಸ್ಟೆಲಿನಲ್ಲಿದ್ದವನು ನೋಡಿದ್ದೇನೆ: ಪರೀಕ್ಷೆಗೆ ಮುನ್ನ ಒಂದೇ ಪೆನ್ನಿನಲ್ಲಿ.

ಶಿಬಿರಾಧಿಕಾರಿ:
ನನ್ನ ಹಾಜರಿ ಪುಸ್ತಕದಲ್ಲಿ ಒಂದೇ ಪೆನ್ನು ಕಂಡಿದ್ದರೆ ತೋರಿಸಿ. ಬೇರೆಯವರ ಪಾಪವನ್ನು ನನ್ನ ತಲೆಗೆ ಕಟ್ಟಬೇಡಿ. ನಮ್ಮ ಘಟಕ ಪ್ರತಿ ಶನಿವಾರ ಕೆರೆಯ ಹೂಳು ತೆಗೆಯುತ್ತಿದ್ದಾಗ ನಿಮ್ಮ ಹಾಸ್ಟೆಲಿನ ಹುಡುಗರು ಒಂಬತ್ತಕ್ಕೂ ಏಳುತ್ತಿರಲಿಲ್ಲ.

ಮಾಜಿ ವಾರ್ಡನ್:
ರಾತ್ರಿಯೆಲ್ಲ ಕರೆಂಟ್ ಇಲ್ಲದ ಕಟ್ಟಡದಲ್ಲಿ ಮಲಗಿದವರು ಎಷ್ಟು ಗಂಟೆಗೆ ಏಳಬೇಕಿತ್ತು?

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಶನಿವಾರವೂ ಕೆಲಸವಿರುತ್ತದೆಯೇ? ವಾರಕ್ಕೊಮ್ಮೆಯಾದರೂ ತಾಯಿಯ ಬಳಿ ಹೋಗಿ ಬರಬೇಕು.

ವಿದ್ಯಾರ್ಥಿವೇತನ ಮೇಜು:
ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಭಾನುವಾರವೂ ಇರುತ್ತದೆ. ಕೆರೆಯ ವಿಚಾರಕ್ಕೆ ಬಂದರೆ, ಆ ಹೂಳನ್ನು ತೆಗೆದದ್ದು ಪಂಚಾಯಿತಿಯ ಜೆಸಿಬಿ.