ನಿತ್ಯ ಮಳೆ ಸುರಿಯುವ ಊರಿನ ಪ್ರೇಮಕಥೆಯಲ್ಲಿ ಮಳೆಗೇನು ಕೆಲಸ?

ಬದಿಯಡ್ಕದ ಕತೆಗಾರ್ತಿ:

ನಾನು ಬರೆಯುತ್ತಿರುವ ನೀಳ್ಗತೆ ಕಾಸರಗೋಡಿನ ಒಂದು ಅಡಿಕೆ ತೋಟದಲ್ಲಿ ನಡೆಯುತ್ತದೆ. ತೋಟದ ಮನೆಯ ಮಗಳಿಗೂ ಅಡಿಕೆಗೆ ಮದ್ದು ಬಿಡಲು, ಅಂದರೆ ಔಷಧಿ ಸಿಂಪಡಿಸಲು, ಬರುವ ಯುವಕನಿಗೂ ನಡುವೆ ಬೆಳೆದ ಒಲವು ಮೊದಲ ಬಾರಿಗೆ ಮಾತಾಗುವ ಪ್ರಸಂಗಕ್ಕೆ ಜೋರು ಮಳೆಯನ್ನು ತಂದಿದ್ದೇನೆ. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆಯಿಲ್ಲದೆ ಅಂಗಳಕ್ಕಿಳಿಯಲಾಗದ ನಮ್ಮ ಊರಿನವರಿಗೆ ಮಳೆ ವಿಶೇಷವೆನಿಸುವುದಾದರೂ ಹೇಗೆ? ಭಾವ ತೀವ್ರವಾದಾಗಲೆಲ್ಲ ಗುಡುಗನ್ನು ಕರೆಯುವುದು ಅಗ್ಗದ ಉಪಾಯವೆನಿಸೀತೇ ಎಂಬ ಅಳುಕಿದೆ. ಬರೆಯುವವರ ಅಭಿಪ್ರಾಯ ತಿಳಿಯಬಯಸುತ್ತೇನೆ.

ಮಂಜೇಶ್ವರದ ಅಧ್ಯಾಪಕ:

ನಮ್ಮ ಕಾವ್ಯಮೀಮಾಂಸೆ ನಾಯಕ ನಾಯಿಕೆಯರನ್ನು ಆಲಂಬನ ವಿಭಾವ, ಅಂದರೆ ಭಾವಕ್ಕೆ ಆಸರೆಯೆಂದೂ, ಮೋಡ, ಬೆಳದಿಂಗಳು, ತಂಗಾಳಿಗಳನ್ನು ಉದ್ದೀಪನ ವಿಭಾವ, ಅಂದರೆ ಆ ಭಾವವನ್ನು ಕೆರಳಿಸುವ ಸಂಗತಿಗಳೆಂದೂ ಕರೆದದ್ದು ಸುಮ್ಮನೆ ಅಲ್ಲ. ಉದ್ದೀಪನವು ಇರುವ ಕಿಡಿಯನ್ನು ಊದಬಲ್ಲುದೇ ಹೊರತು ಇಲ್ಲದ್ದನ್ನು ಹುಟ್ಟಿಸಲಾರದು. ಹಿಂದಿನ ಪುಟಗಳಲ್ಲಿ ಆ ಇಬ್ಬರ ಒಲವು ಬೇರೂರಿರದಿದ್ದರೆ ಎಷ್ಟು ಮಿಂಚು ಹೊಡೆಸಿದರೂ ಓದುಗನ ಮನಸ್ಸು ಕದಲುವುದಿಲ್ಲ. ಅದೇ ಮೋಡ ಜೊತೆಗಿರುವವರಿಗೆ ಸಂಭೋಗ ಶೃಂಗಾರವನ್ನೂ ಅಗಲಿದವರಿಗೆ ವಿಪ್ರಲಂಭ, ಅಂದರೆ ವಿರಹದ ಶೃಂಗಾರವನ್ನೂ ಹೆಚ್ಚಿಸುತ್ತದೆಂದು ಹಿಂದಿನವರು ಕಂಡಿದ್ದರು. ಹಾಗಾಗಿ ಮಳೆಯ ಅರ್ಥವನ್ನು ನಿರ್ಧರಿಸಬೇಕಾದವರು ನಿಮ್ಮ ಪಾತ್ರಗಳೇ.

ನಿಮ್ಮ ಕತೆಯ ಸಂಗತಿಯಲ್ಲೇ ಬಹು ದೊಡ್ಡ ಸಾಧ್ಯತೆಯೊಂದು ಅಡಗಿದೆ. ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ ಸೇರಿಸಿ ಮಾಡಿದ ಮದ್ದು, ಮಳೆಗಾಲದ ಆರಂಭಕ್ಕೆ ಒಮ್ಮೆ, ಮತ್ತೆ 40–45 ದಿನಗಳ ಬಳಿಕ ಇನ್ನೊಮ್ಮೆ ಬೀಳಬೇಕು. ಎರಡನೆಯ ಸಲಕ್ಕೆ ನಡು ಮಳೆಗಾಲ ಬಂದಿರುತ್ತದೆ. ಮಳೆ ಹೊಳವಾಗದೆ, ಅಂದರೆ ಬಿಡುವು ಕೊಡದೆ, ಆ ಯುವಕ ತೋಟಕ್ಕೆ ಬರುವಂತಿಲ್ಲ. ಹಾಗಿದ್ದರೆ ನಿಮ್ಮ ನಾಯಿಕೆ ಹಾತೊರೆಯಬೇಕಾದದ್ದು ಬಿಸಿಲಿಗಲ್ಲವೇ? ಅವಳ ಪಾಲಿಗೆ ಮಳೆಯೇ ವಿರಹ, ಆಟಿ ತಿಂಗಳ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ಮಾಸದ, ಆಕಾಶದಲ್ಲಿ ಕಾಣುವ ಅಂಗೈಯಗಲದ ನೀಲಿಯೇ ಮಿಲನ. ಅಪ್ಪ ಕೊಳೆರೋಗದ ಚಿಂತೆಯಿಂದ ಆಕಾಶ ನೋಡುತ್ತಾರೆ, ಮಗಳು ಬೇರೊಂದು ಕಾರಣಕ್ಕೆ ಅದೇ ಆಕಾಶವನ್ನು ನೋಡುತ್ತಾಳೆ. ಆಟಿಯಲ್ಲಿ ಮದುವೆಗಳಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಗಲಿಕೆಯನ್ನು ನಮ್ಮ ಪಂಚಾಂಗವೇ ಒದಗಿಸಿರುವಾಗ ಅದನ್ನು ಬಳಸದೆ ಬಿಡಬೇಡಿ. ಮದುವೆಯಾದ ಅಕ್ಕನೊಬ್ಬಳು ಆ ಮನೆಗೆ ಬಂದು ಕುಳಿತಿದ್ದರೆ, ತಂಗಿಯ ಕಣ್ಣು ಎತ್ತ ಹೋಗುತ್ತಿದೆಯೆಂದು ಮೊದಲು ತಿಳಿಯುವವಳು ಅವಳೇ.

ಜೋರು ಮಳೆಯನ್ನೇ ಉಳಿಸಿಕೊಳ್ಳುವುದಾದರೆ ಅದರ ಸದ್ದನ್ನು ನೆನಪಿಡಿ. ತಗಡು ಶೀಟಿನ ಮಾಡಿನಡಿ ಪಿಸುಮಾತು ಕೇಳಿಸುವುದಿಲ್ಲ. ಒಂದೋ ಕೂಗಬೇಕು, ಇಲ್ಲವೇ ತೀರ ಹತ್ತಿರ ನಿಲ್ಲಬೇಕು.

ಅಕ್ಕಲಕೋಟೆಯ ಓದುಗ:

ಅಧ್ಯಾಪಕರ ಮಾತಿಗೆ ನನ್ನ ಸಮ್ಮತಿಯಿದೆ. ಒಂದು ಸಣ್ಣ ಭಿನ್ನಾಭಿಪ್ರಾಯವೂ ಇದೆ. ಹವಾಮಾನವು ಕತೆಯಲ್ಲಿ ಯಾವಾಗಲೂ ಅಡ್ಡಿಯಾಗಿಯೋ ನೆರವಾಗಿಯೋ ಕೆಲಸ ಮಾಡಲೇಬೇಕೆಂದಿಲ್ಲ. ಸೊಲ್ಲಾಪುರ ಸೀಮೆಯ ನಮ್ಮ ಕಡೆ ಬಾರದ ಮಳೆಯೇ ಒಂದು ಪಾತ್ರವಾಗಬಲ್ಲುದು. ಮೃಗಶಿರಾ ಕಳೆದು ಆರಿದ್ರಾ ಹೊಕ್ಕರೂ ಹನಿಯಿಲ್ಲದಿದ್ದರೆ ಗೊತ್ತಾದ ಮದುವೆಯನ್ನು ಮುಂದಕ್ಕೆ ಹಾಕುವ ಮಾತು ಮನೆಯಲ್ಲಿ ಏಳುತ್ತದೆ, ಅದನ್ನು ಯಾರೂ ಹುಡುಗಿಯ ಮುಂದೆ ಆಡುವುದಿಲ್ಲ. ಅಂಥ ಮೌನಕ್ಕೆ ಯಾವ ಬಿರುಗಾಳಿಯೂ ಸಾಟಿಯಲ್ಲ.

ಇನ್ನೊಂದು ವಿನಂತಿ. ಮಳೆಯನ್ನು ಬರಿಯ ಮಳೆಯೆನ್ನದೆ ನಕ್ಷತ್ರದ ಹೆಸರಿನಿಂದ ಕರೆಯಿರಿ. ರೋಹಿಣಿ ಎಂದರೆ ಮೇ ಕೊನೆಯೆಂದೂ ಆರಿದ್ರಾ ಎಂದರೆ ಜೂನ್ 21ರ ಆಸುಪಾಸಿನಿಂದ ಜುಲೈ ಮೊದಲ ವಾರದವರೆಗೆ ಎಂದೂ ಒಕ್ಕಲು ಮನೆತನದ ಓದುಗನಿಗೆ ತಾನಾಗಿಯೇ ತಿಳಿಯುತ್ತದೆ, ದಿನಾಂಕ ಬರೆಯುವ ಪ್ರಮೇಯವೇ ಬರುವುದಿಲ್ಲ.

ಬದಿಯಡ್ಕದ ಕತೆಗಾರ್ತಿ:

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಒಲವು ಮಾತಾಗುವ ಪ್ರಸಂಗವನ್ನು ಹೊಳವಿನ ಒಂದು ಬೆಳಗಿಗೆ ಸ್ಥಳಾಂತರಿಸುತ್ತೇನೆ. ಹಾಗೆ ಮಾಡಿದರೆ ಮಳೆ ಮತ್ತೆ ಕತೆಯೊಳಗೆ ಬರಬೇಕಾದದ್ದು ಯಾವಾಗ, ಮಾತು ಮುಗಿಯುವ ಮೊದಲೋ ಆಮೇಲೋ?

ಮಂಜೇಶ್ವರದ ಅಧ್ಯಾಪಕ:

ಮೊದಲೇ ಬರಲಿ. ಗೊನೆಗೆ ಬಿದ್ದ ಮದ್ದು ಒಣಗುವ ಮುನ್ನ ಮಳೆ ಹೊಡೆದರೆ ತೊಳೆದುಹೋಗುತ್ತದೆ, ಆ ಮರಗಳಿಗೆ ಮತ್ತೊಮ್ಮೆ ಬಿಡಬೇಕಾಗುತ್ತದೆ. ಅಪ್ಪನಿಗೆ ಅದು ನಷ್ಟದ ಲೆಕ್ಕ. ಮಗಳಿಗೆ ಅವನು ಇನ್ನೊಂದು ದಿನ ಬರುತ್ತಾನೆಂಬ ಭರವಸೆ. ಆ ಸಂತೋಷವನ್ನು ಅವಳು ಅಪ್ಪನ ಎದುರು ಹೇಗೆ ಮುಚ್ಚಿಡುತ್ತಾಳೆ ಎಂಬುದನ್ನು ಸಾವಕಾಶವಾಗಿ ಬರೆಯಿರಿ. ನಿಮ್ಮ ಅಧ್ಯಾಯದ ಜೀವ ಅಲ್ಲಿರುತ್ತದೆ.